ಭೂತಗನ್ನಡಿ ಭಾವ ಬೇಸ್ ಗಿಟಾರ್ ಆರಿಸಿದ್ದು

ನಮ್ಮ ಭಾವ ಯಾರನ್ನೂ ನಂಬುವುದಿಲ್ಲ. ಇದು ನಾನು ಹೇಳುತ್ತಿರುವ ಚಾಡಿಯಲ್ಲ, ಅವರ ಉದ್ಯೋಗ. ಒಂದು ವಿಮೆ ಕಂಪನಿಯಲ್ಲಿ ಅವರು ಕ್ಲೇಮುಗಳ ತನಿಖೆ ಮಾಡುತ್ತಾರೆ. ಯಾರದಾದರೂ ಅಂಗಡಿ ಸುಟ್ಟರೆ, ಯಾರದಾದರೂ ಕಾರು ಗೋಡೆಗೆ ಗುದ್ದಿದರೆ, ಸುಟ್ಟದ್ದು ನಿಜವೇ, ಗುದ್ದಿದ್ದು ನಿಜವೇ ಎಂದು ಭಾವ ಹೋಗಿ ನೋಡಿಕೊಂಡು ಬರಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಮನೆಯಲ್ಲಿ ಹಾಲು ಉಕ್ಕಿದರೂ ತಾನಾಗಿ ಉಕ್ಕಿತೋ ಯಾರಾದರೂ ಉಕ್ಕಿಸಿದರೋ ಎಂಬ ಪ್ರಶ್ನೆ ಏಳುತ್ತದೆ. ಆಫೀಸಿನಲ್ಲಿ ಅವರಿಗೆ ಭೂತಗನ್ನಡಿ ಎಂದೇ ಹೆಸರು. ಆ ಹೆಸರಿಗೆ ಕಾರಣವಾದ ಭೂತಗನ್ನಡಿಯನ್ನು ಕೊಟ್ಟವನು ನಾನು. ನಾವೆಲ್ಲ ಇರುವ ಕಟ್ಟಡದ ಎದುರಿಗೇ ನನ್ನ ಕನ್ನಡಕದ ಅಂಗಡಿ ಇದೆ. ಕೊಟ್ಟ ದಿನ ಅವರು ಅದರಲ್ಲಿ ಮೊಟ್ಟಮೊದಲು ಪರೀಕ್ಷಿಸಿದ್ದು ನಾನೇ ಬರೆದುಕೊಟ್ಟ ರಸೀದಿಯನ್ನು.

ಅಂಥವರು ಹೋಗಿ ಹೋಗಿ ತಾವೇ ಒಂದು ಸುಳ್ಳು ಹೇಳಿ, ಅದನ್ನು ಸಾಕಲು ಒಂದು ಬೇಸ್ ಗಿಟಾರ್ ಕೊಂಡರು. ನಾನು ಜೊತೆಗಿದ್ದೆ. ಅಕ್ಕನ ಗಂಡ ಕರೆದಾಗ ಬರುವುದಿಲ್ಲ ಎನ್ನುವ ಧೈರ್ಯ ನನ್ನ ಜಾತಕದಲ್ಲಿ ಬರೆದಿಲ್ಲ.

ಅಕ್ಕನ ಮಗಳಿಗೆ ಹತ್ತೊಂಬತ್ತು ವರ್ಷ. ಒಂದು ಹೆವಿ ಮೆಟಲ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಹೆವಿ ಮೆಟಲ್ ಅಂದರೇನು ಎಂದು ನನ್ನನ್ನು ಕೇಳಿದರೆ, ಕಪ್ಪು ಬಟ್ಟೆಯ ನಾಲ್ವರು ಒಟ್ಟಿಗೆ ಸಿಟ್ಟಿಗೇಳುವ ಸಂಗೀತ ಎಂದು ಹೇಳಬಲ್ಲೆ, ಅಷ್ಟೇ. ಎರಡು ವರ್ಷದ ಹಿಂದೆ ಅವಳು ಆ ತಂಡ ಸೇರಿದಾಗ ಭಾವ ಸುಮ್ಮನಿರಲಿಲ್ಲ. ಉಳಿದ ಮೂವರ ಮನೆಗೂ ಫೈಲು ಹಿಡಿದು ಹೋದರು. ಅಕ್ಕಪಕ್ಕದವರನ್ನು ವಿಚಾರಿಸಿದರು, ಬೈಕುಗಳ ನಂಬರು ಬರೆದುಕೊಂಡರು, ಹಾಡುವವನ ಅಜ್ಜಿಯ ಹತ್ತಿರ ಮೊಮ್ಮಗನ ನಡತೆಯ ಬಗ್ಗೆ ಹೇಳಿಕೆ ಬರೆಸಿ ಸಹಿ ಹಾಕಿಸಿಕೊಂಡು ಬಂದರು. ಹುಡುಗಿ ಜಗಳವಾಡಲಿಲ್ಲ, ಅಳಲಿಲ್ಲ. ಅಂದಿನಿಂದ ಅಪ್ಪನ ಹತ್ತಿರ ಹೂಂ, ಊಹೂಂ, ಆಯ್ತು ಎಂಬ ಮೂರು ಮಾತು ಇಟ್ಟುಕೊಂಡು ಉಳಿದದ್ದನ್ನೆಲ್ಲ ನಿಲ್ಲಿಸಿಬಿಟ್ಟಳು.

ಒಂದು ದಿನ ಭಾವ ನನ್ನ ಅಂಗಡಿಗೆ ಬಂದು, ಬೇಡದಿದ್ದರೂ ಒಂದು ಫ್ರೇಮು ಎತ್ತಿಕೊಂಡು ಅತ್ತಿತ್ತ ತಿರುಗಿಸುತ್ತ, "ಮಗಳು ನನ್ನ ಹತ್ರ ಒಂದು ಪೂರ್ತಿ ವಾಕ್ಯ ಮಾತಾಡಿ ಎರಡು ವರ್ಷ ಆಯ್ತು ಕಣಯ್ಯ" ಅಂದರು. ಆ ದನಿಯಲ್ಲಿ ತನಿಖೆ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಊಟಕ್ಕೆ ಕೂತಿದ್ದೆವು. ತಂಡದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದವನು ಬೇರೆ ಊರಿಗೆ ಹೋದನಂತೆ, ಮುಂದಿನ ತಿಂಗಳು ಕಾರ್ಯಕ್ರಮವಂತೆ, ಆಳಿಲ್ಲವಂತೆ ಎಂದು ಹುಡುಗಿ ತನ್ನಮ್ಮನಿಗೆ ಹೇಳುತ್ತಿದ್ದಳು. ಭಾವ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ಕಾಲೇಜಿನಲ್ಲಿ ತಾವೂ ಬೇಸ್ ಗಿಟಾರ್ ಬಾರಿಸುತ್ತಿದ್ದುದಾಗಿ ಹೇಳಿಬಿಟ್ಟರು. ಅಕ್ಕ ಕೈಯಲ್ಲಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿ ಗಂಡನ ಮುಖ ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಸುದ್ದಿ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಆದರೆ ಹುಡುಗಿ ತಲೆ ಎತ್ತಿದಳು.

"ನಿಜವಾಗ್ಲೂ ಅಪ್ಪಾ? ಹಾಗಾದ್ರೆ ಮುಂದಿನ ತಿಂಗಳು ನಮ್ಮ ಜೊತೆ ಬಾರಿಸ್ತೀಯಾ?"

ಒಂದೇ ಉಸಿರಿಗೆ ಎರಡು ಪ್ರಶ್ನೆ. ಆ ಹೊತ್ತಿನಲ್ಲಿ ವಿಮಾನ ನಡೆಸ್ತೀಯಾ ಎಂದು ಕೇಳಿದ್ದರೂ ಭಾವ ಹೂಂ ಎನ್ನುತ್ತಿದ್ದರು. ನಿಜ ಸಂಗತಿ ಏನೆಂದರೆ, ಕಾಲೇಜಿನ ವಾದ್ಯತಂಡ ಎಲ್ಲಿಗಾದರೂ ಹೋದಾಗ ವಾದ್ಯಗಳನ್ನು ಯಾರೂ ಕದಿಯದ ಹಾಗೆ ಭಾವ ವ್ಯಾನಿನಲ್ಲಿ ಕಾವಲು ಕೂರುತ್ತಿದ್ದರು. ಇದನ್ನು ಅವರು ನನಗೆ ಮಾರನೆಯ ಬೆಳಿಗ್ಗೆ ಗುಟ್ಟಾಗಿ ಹೇಳಿದರು. ಈಗ ಏನು ಮಾಡುತ್ತೀರಿ ಎಂದು ಕೇಳಿದೆ. ಕಲಿಯುತ್ತೇನೆ, ಆದರೆ ಮೊದಲು ಒಳ್ಳೆಯ ಗಿಟಾರ್ ಆರಿಸಬೇಕು, ಅಂಗಡಿಯವರನ್ನು ನಂಬುವ ಹಾಗಿಲ್ಲ ಅಂದರು.

ಮಗಳನ್ನೇ ಒಂದು ಮಾತು ಕೇಳಬಹುದಲ್ಲ ಎಂದೆ. ಭಾವ ನನ್ನನ್ನು ಕನಿಕರದಿಂದ ನೋಡಿದರು. ಪ್ರಕರಣದಲ್ಲಿ ಲಾಭ ಇರುವವರ ಹೇಳಿಕೆ ತೆಗೆದುಕೊಳ್ಳಬಾರದು ಎಂಬುದು ಅವರ ಇಲಾಖೆಯ ಮೊದಲ ಪಾಠವಂತೆ.

ಮೊದಲನೆಯ ಅಂಗಡಿಯವನು ಒಳ್ಳೆಯವನು. ಹೆವಿ ಮೆಟಲ್ ಎಂದರೆ ಸ್ವರ ಗಡುಸಾಗಿ, ಚುರುಕಾಗಿ ಕೇಳಬೇಕು, ಡ್ರಮ್ಸ್ ಸದ್ದಿನ ನಡುವೆ ಕಲಸಿಹೋಗಬಾರದು ಎಂದು ವಿವರಿಸಿದ. ಹೊಸಬರಿಗೆ ನಾಲ್ಕು ತಂತಿಯದು ಸಾಕು, ಕುತ್ತಿಗೆ ಸಪೂರವಾಗಿರಲಿ, ಹೆಗಲಿಗೆ ಹಾಕಿಕೊಂಡು ನಿಂತು ನೋಡಿ, ಭಾರ ತಡೆಯಬೇಕು ಎಂದ. ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿವೆಯಲ್ಲ, ಫ್ರೆಟ್ ಅಂತಾರೆ, ಬೆರಳು ಎಲ್ಲಿಡಬೇಕು ಎಂದು ತೋರಿಸುವುದೇ ಅವು, ಅವಿಲ್ಲದ ಗಿಟಾರಿನ ಸಹವಾಸಕ್ಕೆ ಮಾತ್ರ ಹೋಗಬೇಡಿ ಎಂದ. ಭಾವ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಗಿಟಾರನ್ನು ಮಗುಚಿ, ಬಣ್ಣದ ಮೇಲೆ ಉಗುರಿನಿಂದ ಕುಟ್ಟಿ, ಭೂತಗನ್ನಡಿ ಹಿಡಿದು ಅಂಚಿನುದ್ದಕ್ಕೂ ನೋಡಿ, "ಇದು ಎಲ್ಲಾದ್ರೂ ಗುದ್ದಿತ್ತಾ?" ಎಂದು ಕೇಳಿದರು. ಹೊಸದು ಸಾರ್ ಎಂದ ಅವನು. ಹೊಸದು ಅಂತ ಎಲ್ಲರೂ ಹೇಳ್ತಾರೆ ಎಂದು ಅದನ್ನೂ ಬರೆದುಕೊಂಡರು.

ಎರಡನೆಯ ಅಂಗಡಿಯಲ್ಲೂ ನಾಲ್ಕು ತಂತಿ, ಸಪೂರ ಕುತ್ತಿಗೆ, ಫ್ರೆಟ್ ಇರಲೇಬೇಕು ಎಂದರು. ಮೂರನೆಯದರಲ್ಲೂ ಅದೇ. ನನಗೆ ಸಮಾಧಾನವಾಯಿತು. ಭಾವನ ಮುಖ ಮಾತ್ರ ಕಪ್ಪಿಟ್ಟಿತು. ನನ್ನನ್ನು ಡ್ರಮ್ಸ್‌ಗಳ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು.

"ಮೂರು ಸಾಕ್ಷಿ ಒಂದೇ ಮಾತು ಹೇಳಿದ್ರೆ, ಮೂವರೂ ಒಂದೇ ಕಡೆ ಕೂತು ಬಾಯಿಪಾಠ ಮಾಡಿದ್ದಾರೆ ಅಂತ ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ಇದೊಂದು ತಪ್ಪಿಲ್ಲ."

ಹಾಗಾದರೆ ಸತ್ಯ ಯಾವುದು? ಮೂವರೂ ಯಾವುದನ್ನು ಬೇಡ ಎಂದರೋ ಅದು. ಗೋಡೆಯ ಮೂಲೆಯಲ್ಲಿ ಐದು ತಂತಿಯ, ಫ್ರೆಟ್ ಒಂದೂ ಇಲ್ಲದ, ಬಾಗಿಲ ಹಲಗೆಯಷ್ಟು ಭಾರದ ಕಪ್ಪು ಗಿಟಾರ್ ಒಂದು ಧೂಳು ಹಿಡಿದು ನಿಂತಿತ್ತು. ಭಾವ ಅದರ ಕುತ್ತಿಗೆ ಸವರಿದರು. ಲೋಹದ ಪಟ್ಟಿಗಳೇ ಇಲ್ಲ ಎಂದ ಮೇಲೆ ಸವೆಯುವುದೇನು, ತುಕ್ಕು ಹಿಡಿಯುವುದೇನು ಎಂದು ನನ್ನನ್ನೇ ಕೇಳಿದರು. ಅಂಗಡಿಯವನು ಕೈಮುಗಿದ. "ಸಾರ್, ಇದನ್ನ ತಗೊಂಡ್ರೆ ನೀವೇ ನಾಳೆ ಬಂದು ನನ್ನ ಬೈತೀರಿ" ಎಂದ. ಮಾರುವವನೇ ಮಾರಲು ಹಿಂದೆಗೆಯುತ್ತಿದ್ದಾನೆ ಎಂದರೆ ಮಾಲು ಎಂಥದ್ದಿರಬೇಕು ಎಂದು ಭಾವ ನನಗೆ ಕಣ್ಣು ಹೊಡೆದರು. ಮನೆಯಲ್ಲಿ ಕಲಿಯಲು ಸಣ್ಣ ಆಂಪ್ಲಿಫೈಯರ್ ಸಾಕು, ಹೆಡ್‌ಫೋನ್ ಹಾಕಿಕೊಳ್ಳಿ ಎಂದು ಪಾಪ ಅವನು ಕೊನೆಯ ಪ್ರಯತ್ನ ಮಾಡಿದ. ಅದರಿಂದಾಗಿಯೇ ಅಂಗಡಿಯಲ್ಲಿದ್ದ ಅತಿ ದೊಡ್ಡ ಆಂಪ್ಲಿಫೈಯರ್ ಪೆಟ್ಟಿಗೆ ನಮ್ಮ ಪಾಲಿಗೆ ಬಂತು. ಹೊತ್ತವನು ನಾನು.

ಮೊದಲ ಪಾಠ ಕಲಿಯುತ್ತಿರುವುದು ಮಗಳ ಕಿವಿಗೆ ಬೀಳದಂಥ ಜಾಗ ಅಭ್ಯಾಸಕ್ಕೆ ಬೇಕಲ್ಲ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಎರಡೇ ಬಾಗಿಲು. ಒಂದು ಟೈಲರಮ್ಮನ ಮನೆ, ಇನ್ನೊಂದು ಪಂಪ್ ಕೋಣೆ. ನೀರು ಯಾರೋ ಕದಿಯುತ್ತಿದ್ದಾರೆ ಎಂಬ ಅನುಮಾನದ ಮೇಲೆ ಭಾವ ಎಂದೋ ಪಂಪ್ ಕೋಣೆಯ ಬೀಗದ ಕೈ ತಮ್ಮ ಹತ್ತಿರ ಇಟ್ಟುಕೊಂಡಿದ್ದರು. ಕಚೇರಿಗೆ ಸ್ಥಳ ತನಿಖೆ ಎಂದೂ, ಮನೆಯಲ್ಲಿ ಅಭ್ಯಾಸ ಆಫೀಸಿನ ಹತ್ತಿರ ಎಂದೂ ಹೇಳಿ ಪ್ರತಿದಿನ ಮಧ್ಯಾಹ್ನ ಎರಡಕ್ಕೆ ಬಂದು ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದರು. ಪೆಟ್ಟಿಗೆಯನ್ನು ಇಡಲು ಬೇರೆ ಜಾಗವಿಲ್ಲದೆ ನೆಲದೊಳಗಿನ ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಇಟ್ಟರು. ಅರ್ಧ ಖಾಲಿ ತೊಟ್ಟಿ, ಅದರ ಮೇಲೆ ಆ ಪೆಟ್ಟಿಗೆ, ಅದಕ್ಕೆ ಎಲ್ಲಕ್ಕಿಂತ ತಗ್ಗಿನ ಸ್ವರದ ಆ ಐದನೆಯ ದಪ್ಪ ತಂತಿ. ಅಲ್ಲಿಂದ ಹೊರಟ ನೀರಿನ ಕೊಳವೆಗಳು ನಾಲ್ಕು ಮಹಡಿಯ ಎಲ್ಲ ಅಡುಗೆಮನೆಗೂ ಹೋಗುತ್ತವೆ. ನೀರಿನ ಜೊತೆ ಭಾವನ ಸಂಗೀತವೂ ಹೋಯಿತು.

ಕಟ್ಟಡಕ್ಕೆ ಭಯ ಹತ್ತಿದ್ದು ಮೂರೇ ದಿನದಲ್ಲಿ. ಮಧ್ಯಾಹ್ನ ಮಲಗಿದವರ ಮಂಚ ಗುಂಯ್ ಎನ್ನುತ್ತಿತ್ತು. ಮೇಜಿನ ಮೇಲಿಟ್ಟ ಲೋಟಗಳು ತಾವಾಗಿಯೇ ಅಂಚಿನ ಕಡೆ ಹೊರಡುತ್ತಿದ್ದವು. ನಲ್ಲಿ ತಿರುಗಿಸಿದರೆ ಕೊಳವೆಯೊಳಗೆ ಯಾರೋ ನರಳಿದಂತೆ ಕೇಳುತ್ತಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ಸರ್ವೇ ಇಲಾಖೆಯಿಂದ ನಿವೃತ್ತರಾದವರು. ನೆಲ ಕುಸಿಯುವ ಮುನ್ನ ಇಂಥದ್ದೇ ಸದ್ದು ಬರುತ್ತದೆ ಎಂದು ಅವರು ಮನೆಮನೆಗೂ ಹೋಗಿ ಧೈರ್ಯ ಹೇಳಿ ಬಂದರು.

ಆ ಭಾನುವಾರ ಸಂಘದ ಸಭೆ ಸೇರಿತು. ಈ ಸದ್ದಿನ ಮೂಲ ಕಂಡುಹಿಡಿಯಲು ಕಟ್ಟಡದಲ್ಲಿ ಯಾರಿದ್ದಾರೆ? ಇಪ್ಪತ್ತೆರಡು ವರ್ಷ ಅನುಭವದ ತನಿಖಾಧಿಕಾರಿ ಇರುವಾಗ ಹೊರಗಿನವರೇಕೆ? ಸರ್ವಾನುಮತದಿಂದ ಭಾವನನ್ನೇ ನೇಮಿಸಿದರು. ಭಾವ ಎದ್ದು ನಿಂತು ಬಹಳ ಗಂಭೀರವಾಗಿ, ಅಪರಾಧಿ ಎಷ್ಟೇ ದೊಡ್ಡವನಾದರೂ ಬಿಡುವುದಿಲ್ಲ ಎಂದರು. ಚಪ್ಪಾಳೆ ಬಿತ್ತು. ಹುಡುಗಿ ಹಿಂದಿನ ಸಾಲಿನಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದಳು.

ಮೊದಲ ವರದಿಯಲ್ಲಿ ಭಾವ ಪಂಪನ್ನು ಅನುಮಾನಿಸಿದರು. ಮೆಕ್ಯಾನಿಕ್ ಬರುವ ಹಿಂದಿನ ದಿನ ಗಿಟಾರನ್ನೂ ಪೆಟ್ಟಿಗೆಯನ್ನೂ ನನ್ನ ಅಂಗಡಿಗೆ ಸಾಗಿಸಿದೆವು, ಅಂದರೆ ನಾನು ಸಾಗಿಸಿದೆ. ಪಂಪು ಬಿಚ್ಚಿ ಮಲಗಿಸಿದ್ದ ಎರಡು ದಿನ ಕಟ್ಟಡ ತೆಪ್ಪಗಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಜೋಡಿಸಿದ ಮೇಲೆ ಮತ್ತೆ ಶುರುವಾಯಿತು. ಪಂಪಿನಲ್ಲಿ ಏನೂ ದೋಷವಿಲ್ಲ ಎಂದು ಮೆಕ್ಯಾನಿಕ್ ಆಣೆ ಮಾಡಿ ಹೇಳಿದರೂ ಕಾರ್ಯದರ್ಶಿ ಅವನನ್ನೇ ಅನುಮಾನದಿಂದ ನೋಡಿದರು.

ಆಮೇಲೆ ಎಂಜಿನಿಯರನ್ನು ಕರೆಸಿದರು. ಮೆಟ್ಟಿಲ ಗೋಡೆಯಲ್ಲಿ ಮೊದಲಿನಿಂದಲೂ ಒಂದು ಬಿರುಕಿತ್ತು. ಎಂಜಿನಿಯರ್ ಅದಕ್ಕೆ ಅಡ್ಡಲಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಒಡೆಯದಿದ್ದರೆ ಭಯವಿಲ್ಲ, ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದ. ಒಡೆದಿದೆಯೋ ಇಲ್ಲವೋ ಎಂದು ಕಾರ್ಯದರ್ಶಿ ದಿನಕ್ಕೆ ಹತ್ತು ಸಲ ಬಂದು ಒತ್ತಿ ನೋಡುತ್ತಿದ್ದರು. ನಾಲ್ಕನೆಯ ದಿನ ಅದು ಒಡೆಯಿತು. ಅವತ್ತು ಸಂಜೆಯೊಳಗೆ ಎರಡು ಮನೆಯವರು ಸೂಟ್‌ಕೇಸು ತುಂಬಿಸಿ ಬಾಗಿಲ ಹತ್ತಿರ ಇಟ್ಟುಕೊಂಡರು.

ಈಗಲಾದರೂ ಹೇಳಿಬಿಡಿ ಭಾವ ಎಂದೆ. ಅವರೂ ಬೆವರುತ್ತಿದ್ದರು. ಆದರೆ ಕಾರ್ಯಕ್ರಮಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು, ಮಗಳು ಬೆಳಿಗ್ಗೆ ತಾನಾಗಿಯೇ "ಅಭ್ಯಾಸ ಹೇಗೆ ನಡೀತಿದೆ ಅಪ್ಪ?" ಎಂದು ಕೇಳಿದ್ದಳು. ಆ ಒಂದು ವಾಕ್ಯಕ್ಕೋಸ್ಕರ ಅವರು ಕಟ್ಟಡವನ್ನೇ ಬೀಳಿಸಲು ತಯಾರಿದ್ದರು. ಗಮನ ಬೇರೆ ಕಡೆ ತಿರುಗಲಿ ಎಂದು ಎರಡನೆಯ ವರದಿಯ ಕೊನೆಯಲ್ಲಿ, ನೆಲಮಹಡಿಯ ಹೊಲಿಗೆ ಯಂತ್ರದ ಮೋಟರನ್ನೂ ಪರಿಶೀಲಿಸುವುದು ಒಳಿತು ಎಂದು ಒಂದು ಸಾಲು ಬರೆದರು. ಅಷ್ಟೇ ಬರೆದದ್ದು. ಕಾರ್ಯದರ್ಶಿಗೆ ಅಷ್ಟೇ ಸಾಕಾಯಿತು.

ಟೈಲರಮ್ಮನಿಗೆ ಯಂತ್ರವನ್ನು ಮೂರು ದಿನ ನಿಲ್ಲಿಸಿ ನೋಡಿ ಎಂದರು. ದುರದೃಷ್ಟ ನೋಡಿ, ಅದೇ ಮೂರು ದಿನ ಭಾವನನ್ನು ಕಂಪನಿಯವರು ಎಲ್ಲೋ ಸುಟ್ಟ ಗೋದಾಮು ನೋಡಲು ಕಳಿಸಿಬಿಟ್ಟರು. ಕಟ್ಟಡದಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಅಪರಾಧ ಸಾಬೀತಾಯಿತು ಎಂದು ಕಾರ್ಯದರ್ಶಿ ನೋಟಿಸು ಬರೆದರು. ವಾರದೊಳಗೆ ಯಂತ್ರ ಹೊರಗೆ ಹೋಗಬೇಕು. ಟೈಲರಮ್ಮನ ಮನೆಯಲ್ಲಿ ಒಂದು ಶಾಲೆಯ ಇನ್ನೂರು ಸಮವಸ್ತ್ರ ಕತ್ತರಿಸಿ ಬಿದ್ದಿದ್ದವು.

ಇಷ್ಟು ಸಾಲದು ಎಂಬಂತೆ ಅಕ್ಕ ನನ್ನ ಅಂಗಡಿಗೆ ಬಂದಳು. ಕಣ್ಣು ಪರೀಕ್ಷೆ ಮಾಡು ಎಂದು ಕುರ್ಚಿಯಲ್ಲಿ ಕೂತಳು. ಅಕ್ಷರದ ಹಲಗೆ ನೋಡುವುದು ಬಿಟ್ಟು ಗಾಜಿನಿಂದಾಚೆ ಕಟ್ಟಡದ ಗೇಟನ್ನೇ ನೋಡುತ್ತಿದ್ದಳು. ಕೆಳಗಿನ ಸಾಲು ಓದು ಎಂದೆ.

"ಎರಡು ಗಂಟೆಗೆ ಬಂದ್ರು ನೋಡು. ನೆಲಮಹಡಿಗೆ ಹೋದ್ರು. ಮೇಲೆ ಬರಲ್ಲ, ನಾಲ್ಕು ಗಂಟೆವರೆಗೂ ಬರಲ್ಲ. ನೆಲಮಹಡೀಲಿ ಯಾರಿದ್ದಾರೆ ಹೇಳು" ಎಂದಳು.

ಪಂಪ್ ಕೋಣೆ ಇದೆ ಎಂದೆ. ಪಂಪಿನ ಜೊತೆ ಎರಡು ಗಂಟೆ ಏನು ಮಾತು ಎಂದು ಕೇಳಿದಳು. ಬೆರಳ ತುದಿಗೆಲ್ಲ ಪಟ್ಟಿ ಸುತ್ತಿಕೊಂಡಿದ್ದಾರೆ, ಸೂಜಿ ಚುಚ್ಚಿದರೆ ಹಾಗಾಗುತ್ತೆ ತಾನೆ ಎಂದಳು. ದಪ್ಪ ತಂತಿ ಮೀಟಿ ಮೀಟಿ ಬೊಬ್ಬೆ ಬಂದದ್ದು ಎಂದು ನನಗೆ ಗೊತ್ತು. ಆದರೆ ಭಾವ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅಕ್ಕ ನನ್ನ ಮೌನವನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡು ಎದ್ದು ಹೋದಳು.

ನೋಟಿಸಿನ ಮೇಲೆ ಕಡೆಯ ತೀರ್ಮಾನಕ್ಕೆ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಕರೆದರು. ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದರು. ಕಾರ್ಯದರ್ಶಿ ಗಾಜಿನ ಚೂರುಗಳನ್ನು ಪೊಟ್ಟಣದಲ್ಲಿ ತಂದು ತೋರಿಸಿ, ನಿಮ್ಮ ಯಂತ್ರದಿಂದ ಇಡೀ ಕಟ್ಟಡ ಬೀಳುವ ಸ್ಥಿತಿಗೆ ಬಂದಿದೆ ಎಂದರು. ಆ ಹೆಂಗಸು ಅಳಲೂ ಇಲ್ಲ, ಕೂಗಾಡಲೂ ಇಲ್ಲ.

"ಬೀಳೋದಾದ್ರೆ ಮೊದಲು ನನ್ನ ಮೇಲೇ ಅಲ್ವಾ ಸಾರ್ ಬೀಳೋದು? ನಾನು ಎಲ್ಲರಿಗಿಂತ ಕೆಳಗಿದ್ದೀನಿ. ಆ ಬುದ್ಧಿ ನನಗಿಲ್ವಾ?" ಎಂದರು. "ಆ ಯಂತ್ರ ಬಿಟ್ರೆ ನನ್ನ ಹತ್ರ ಬೇರೇನಿಲ್ಲ."

ನಾನು ಭಾವನ ಕಡೆ ನೋಡಿದೆ. ಅವರು ಮಗಳ ಕಡೆ ನೋಡುತ್ತಿದ್ದರು. ಅವಳು ಅವರನ್ನೇ ನೋಡುತ್ತಿದ್ದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಭಾವ ಎದ್ದು ನಿಂತರು.

"ಆ ಸದ್ದು ನಂದು. ನಾನು ಬೇಸ್ ಗಿಟಾರ್ ಕಲೀತಿದ್ದೀನಿ, ಪಂಪ್ ಕೋಣೇಲಿ. ಕಾಲೇಜಲ್ಲಿ ನಾನು ಬಾರಿಸಿರ್ಲಿಲ್ಲ. ಅದೂ ಸುಳ್ಳು."

ಒಬ್ಬರೂ ನಂಬಲಿಲ್ಲ. ಜೀವನಪೂರ್ತಿ ಪರರ ಹೇಳಿಕೆಯನ್ನು ಸುಳ್ಳೆಂದು ಬರೆದ ಮನುಷ್ಯ ಮೊದಲ ಸಲ ನಿಜ ಹೇಳಿದರೆ ಹೀಗೇ ಆಗುವುದು. ಕಾರ್ಯದರ್ಶಿ ಕಣ್ಣು ಕಿರಿದು ಮಾಡಿ, ಈ ಹೆಂಗಸಿನ ತಪ್ಪನ್ನು ನೀವೇಕೆ ತಲೆ ಮೇಲೆ ಹಾಕಿಕೊಳ್ಳುತ್ತೀರಿ ಎಂದು ಕೇಳಿದರು. ಆ ಪ್ರಶ್ನೆ ಅಕ್ಕನಿಗೂ ಇತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಟೈಲರಮ್ಮನೂ ಭಾವನನ್ನು ಅನುಮಾನದಿಂದ ನೋಡಿ, ಈಯಪ್ಪ ಯಾರೆಂದೇ ನನಗೆ ಸರಿಯಾಗಿ ಗೊತ್ತಿಲ್ಲ, ಒಂದು ಪ್ಯಾಂಟು ಕೂಡ ಹೊಲಿಸಿಲ್ಲ ಎಂದರು. ಭಾವ ಸಾಕ್ಷಿಗೆ ನನ್ನ ಹೆಸರು ಹೇಳಿದರು. ಭಾವಮೈದುನನ ಸಾಕ್ಷಿ ನಡೆಯುವುದಿಲ್ಲ, ಹತ್ತಿರದ ಸಂಬಂಧಿ ಎಂದು ಕಾರ್ಯದರ್ಶಿ ತಳ್ಳಿಹಾಕಿದರು. ಕೊನೆಗೆ ಬಾರಿಸಿಯೇ ತೋರಿಸಿ ಎಂದಾಯಿತು.

ಇಡೀ ಕಟ್ಟಡ ಪಂಪ್ ಕೋಣೆಯ ಬಾಗಿಲಿಗೆ ಮುತ್ತಿತು. ಕಾರ್ಯದರ್ಶಿಯ ಹೆಂಡತಿಯನ್ನು ಮೂರನೆಯ ಮಹಡಿಯ ಅವರ ಅಡುಗೆಮನೆಯಲ್ಲಿ ಲೋಟದ ಮುಂದೆ ನಿಲ್ಲಿಸಿದರು. ಭಾವ ಚೀಲದೊಳಗಿನಿಂದ ಗಿಟಾರ್ ತೆಗೆದು ಹೆಗಲಿಗೆ ಹಾಕಿಕೊಂಡರು. ಭಾರಕ್ಕೆ ಒಂದು ಕಡೆ ವಾಲಿದರು. ಪಟ್ಟಿ ಸುತ್ತಿದ ಬೆರಳಿನಿಂದ ಐದನೆಯ ತಂತಿ ಮೀಟಿದರು. ನನ್ನ ಹಲ್ಲು ಅದುರಿತು. ಫ್ರೆಟ್ ಇಲ್ಲದ ಕುತ್ತಿಗೆಯ ಮೇಲೆ ಸ್ವರ ಹುಡುಕುತ್ತ ಅವರ ಎಡಗೈ ಮೇಲಕ್ಕೂ ಕೆಳಕ್ಕೂ ಜಾರಿತು, ಸಿಗಲಿಲ್ಲ. ಆದರೂ ನಿಲ್ಲಿಸಲಿಲ್ಲ. ಮೂರನೆಯ ಮಹಡಿಯಿಂದ ಲೋಟ ಬಿದ್ದ ಸದ್ದೂ, ಹಿಂದೆಯೇ "ಬಂತು, ಬಂತು" ಎಂಬ ಕೂಗೂ ಕೇಳಿಸಿತು.

ಕಾರ್ಯದರ್ಶಿ ನೋಟಿಸು ವಾಪಸು ತೆಗೆದುಕೊಳ್ಳಲು ಕೈ ಚಾಚಿದರು. ಟೈಲರಮ್ಮ ಕೊಡಲಿಲ್ಲ. ಹಿಂಬದಿ ಖಾಲಿ ಇದೆ, ಅಳತೆ ಬರೆಯಲು ಆಗುತ್ತೆ ಎಂದು ಮಡಚಿಕೊಂಡು ತಮ್ಮ ಮನೆಗೆ ನಡೆದರು. ಭಾವ ಅವರ ಹಿಂದೆಯೇ ಹೋಗಿ ಹೊಸ್ತಿಲಾಚೆ ನಿಂತು ಕ್ಷಮೆ ಕೇಳಿದರು. ಅಕ್ಕ ಪಕ್ಕದಲ್ಲೇ ನಿಂತು ಆ ಕ್ಷಮೆಯನ್ನು ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡಳು. ಜನ ಗೊಣಗುತ್ತ ಚದುರಿದರು. ಕೆಲವರಿಗೆ ಕಟ್ಟಡ ಬೀಳುವುದಿಲ್ಲವಲ್ಲ ಎಂದು ಸ್ವಲ್ಪ ಬೇಸರವೂ ಆದಂತಿತ್ತು.

ಭಾವ ತಿರುಗಿ ಬಂದು ಗಿಟಾರನ್ನು ಚೀಲಕ್ಕೆ ತುರುಕುತ್ತಿದ್ದಾಗ ಹುಡುಗಿ ಪಂಪ್ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವರು ತಲೆ ಎತ್ತಲಿಲ್ಲ. ಇನ್ನು ಮುಂದೆ ಹೂಂ, ಊಹೂಂ ಕೂಡ ಇಲ್ಲ ಎಂದು ಅವರು ತೀರ್ಮಾನಿಸಿಕೊಂಡಿದ್ದು ನನಗೆ ಕಾಣುತ್ತಿತ್ತು.

"ನೀನು ಒಪ್ಪಿದ ಮೂರನೇ ದಿನವೇ ಬೇರೆ ಬೇಸ್ ಬಾರಿಸೋನು ನಮಗೆ ಸಿಕ್ಕಿದ್ದ ಅಪ್ಪ" ಎಂದಳು. "ನಿನ್ನ ಕಾಲೇಜಿನ ಸ್ನೇಹಿತರಿಗೆಲ್ಲ ಫೋನ್ ಮಾಡಿ ವಿಚಾರಿಸಿದ್ದೆ, ನೀನು ವ್ಯಾನ್ ಕಾಯ್ತಿದ್ದೆ ಅಂತ ಅವತ್ತೇ ಗೊತ್ತಾಯ್ತು. ನೀನಾಗೇ ಬಂದು ಹೇಳ್ತೀಯಾ ಅಂತ ಕಾದೆ. ದಿನಾ ಕಾದೆ. ಇವತ್ತು ಆಯಮ್ಮನ ಯಂತ್ರ ಹೋಗೋಕೂ ಬಿಟ್ಟಿದ್ರೆ, ಜನ್ಮದಲ್ಲಿ ನಿನ್ನ ಹತ್ರ ಮಾತಾಡ್ತಿರ್ಲಿಲ್ಲ."

ಭಾವ ಚೀಲದ ಜಿಪ್ಪನ್ನೇ ನೋಡುತ್ತಿದ್ದರು.

"ಅಲ್ಲ, ಹೆವಿ ಮೆಟಲ್‌ಗೆ ಯಾರಾದ್ರೂ ಕಲಿಯೋಕೆ ಮುಂಚೆ ಫ್ರೆಟ್ ಇಲ್ಲದ್ದು ತರ್ತಾರಾ? ಅದೂ ಐದು ತಂತೀದು? ಆ ತಂತಿ ನೋಡು, ಪೂರ್ತಿ ಸಡಿಲ ಬಿಟ್ಟಿದ್ದೀಯ. ಕೂತ್ಕೊಂಡು ಕಲೀಬೇಕು ತಾನೆ? ಬೆರಳು ನೋಡ್ಕೊಂಡಿದ್ದೀಯಾ? ನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ನಿಲ್ಲಿಸಲಿಲ್ಲ. ಎರಡು ವರ್ಷದಿಂದ ಒಳಗಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಅಜ್ಜಿಯ ಹತ್ತಿರ ಸಹಿ ಹಾಕಿಸಿದ್ದು ಬಂತು, ಬೈಕಿನ ನಂಬರು ಬಂತು, ಅವತ್ತು ಸ್ನೇಹಿತರ ಮುಂದೆ ತಾನು ತಲೆ ತಗ್ಗಿಸಿದ್ದು ಬಂತು. ನನ್ನ ಪಾಲಿನ ಬೈಗುಳವೂ ನಡುವೆ ಬಂದು ಹೋಯಿತು. ನಾನು ಪೆಟ್ಟಿಗೆ ಎತ್ತಿಕೊಂಡೆ. ಭಾವ ಗಿಟಾರ್ ಎತ್ತಿಕೊಂಡು ಹೊರಬಂದರು, ಅವಳು ಬೈಯುತ್ತ ಹಿಂದೆಯೇ ಬಂದಳು. ಲಿಫ್ಟು ಬಾಗಿಲು ತೆರೆದು ನಿಂತಿತ್ತು. ಅಕ್ಕ ಆಗಲೇ ಅದರೊಳಗೆ ನಿಂತು ಗುಂಡಿ ಒತ್ತಿ ಹಿಡಿದಿದ್ದಳು.

ಭಾವ ಲಿಫ್ಟಿನ ಕಡೆ ನೋಡಿದರು, ಮಗಳ ಕಡೆ ನೋಡಿದರು. "ನೀವು ಹೋಗಿ. ನಾವು ಮೆಟ್ಟಿಲಲ್ಲಿ ಬರ್ತೀವಿ" ಎಂದರು.

ಅಕ್ಕನೂ ನಾನೂ ನಾಲ್ಕನೆಯ ಮಹಡಿಗೆ ಬಂದು ಅವರ ಮನೆಯ ಬಾಗಿಲು ತೆಗೆದು ಕಾದೆವು. ಹುಡುಗಿಯ ಮಾತು ಒಂದೊಂದೇ ಮಹಡಿ ಹತ್ತಿ ಬರುತ್ತಿತ್ತು. ಭಾವ ಆಗಾಗ ಭಾರ ತಡೆಯದವರಂತೆ ನಿಲ್ಲುತ್ತಿದ್ದರು. ಇಬ್ಬರೂ ನಮ್ಮ ಮುಂದೆಯೇ ಹಾದರು. ಅವಳು ಅಪ್ಪನ ಮುಖ ನೋಡಿಕೊಂಡೇ ಬೈಯುತ್ತಿದ್ದುದರಿಂದ ಬಾಗಿಲು ಗಮನಿಸಲಿಲ್ಲ. ಭಾವ ಗಮನಿಸಿದರು. ಅಕ್ಕನಿಗೆ ಕೈಸನ್ನೆಯಲ್ಲಿ ಸುಮ್ಮನಿರು ಎಂದು ಹೇಳಿ, ಆ ಭಾರದ ಗಿಟಾರನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ತಾರಸಿಯ ಮೆಟ್ಟಿಲು ಹತ್ತತೊಡಗಿದರು.